ಶುಶ್ರೂಷಕರಿಗೆ ಶುಶ್ರೂಷೆ ಮಾಡಲು ಬಿಡಿ

ಮಾನ್ಯ ಸಂಪಾದಕರೇ,

ಶುಶ್ರೂಷಕರೆಂದರೆ ವೈದ್ಯರು ಹೇಳಿದಷ್ಟನ್ನು ಮಾಡುವ ಸಹಾಯಕರು ಎಂಬ ಭಾವನೆ ನಮ್ಮ ಕೊಡಗಿನಲ್ಲಿ ಇನ್ನೂ ಹೋಗಿಲ್ಲ. 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ತರಬೇತಿ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದಂದಿನಿಂದ ಇದು ಓದಿ, ಪಳಗಿ ಮಾಡುವ ವೃತ್ತಿಯಾಗಿ ಬೆಳೆದಿದೆ. ನಮ್ಮಲ್ಲಿಯೂ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಇದರ ಶಿಕ್ಷಣಕ್ಕೆ ಏಕರೂಪದ ಮಟ್ಟವನ್ನು ಬಯಸಿತು.

ಕಾಫಿ ತೋಟದ ಲೈನ್‌ಮನೆಯಲ್ಲಿರುವ ಕಾರ್ಮಿಕರೊಬ್ಬರಿಗೆ ವೈದ್ಯರು ಇನ್ಸುಲಿನ್ ಬರೆದುಕೊಡುತ್ತಾರೆ. ಆದರೆ ಚುಚ್ಚುವ ಜಾಗವನ್ನು ಬದಲಿಸುತ್ತಿರಬೇಕು, ಫ್ರಿಜ್ ಇಲ್ಲದಿದ್ದರೆ ಔಷಧಿಯನ್ನು ನೀರು ತಾಗದಂತೆ ಕಟ್ಟಿ ಮಣ್ಣಿನ ಮಡಕೆಯಲ್ಲಿ ತಂಪಾಗಿಡಬೇಕು, ರಕ್ತದ ಸಕ್ಕರೆ ತೀರಾ ಇಳಿದು ಬೆವರಿ ಕೈ ನಡುಗಿದರೆ ತಡಮಾಡದೆ ಸಕ್ಕರೆ ತಿನ್ನಬೇಕು ಎಂದು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡುವವರು ಶುಶ್ರೂಷಕರು. ರೋಗಿಯ ಸ್ಥಿತಿಯನ್ನು ಅಳೆದು, ಆರೈಕೆಯನ್ನು ಯೋಜಿಸಿ, ನಡೆಸಿ, ಫಲ ಸಿಕ್ಕಿತೇ ಎಂದು ಮತ್ತೆ ಪರಿಶೀಲಿಸುವುದೇ ಈ ವೃತ್ತಿಯ ತಳಹದಿ. ಹೇಳಿಕೊಳ್ಳಲಾರದ ರೋಗಿಯ ಪರವಾಗಿ ಮಾತನಾಡುವ ಹೊಣೆಯೂ ಅವರದೇ, ಮತ್ತು ನನ್ನ ಮಟ್ಟಿಗೆ ಅದೇ ದೊಡ್ಡದು.

ಕಳೆದ ಮಳೆಗಾಲದಲ್ಲಿ ನನ್ನ ತಾಯಿ ದಾಖಲಾಗಿದ್ದ ಆಸ್ಪತ್ರೆಯೊಂದರಲ್ಲಿ ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಶುಶ್ರೂಷಕಿ ಇದ್ದರು. ಔಷಧಿ ಕೊಡುವ ಮುನ್ನ ರೋಗಿಯ ಹೆಸರು, ಔಷಧಿ, ಪ್ರಮಾಣ, ಸಮಯಗಳನ್ನು ತಾಳೆ ನೋಡಬೇಕಾದವರು, ಬಿಲ್ ಕಾಗದ ಹುಡುಕಲು, ಬೆಡ್‌ಶೀಟ್ ಎಣಿಸಲು ನಡುನಡುವೆ ಎದ್ದು ಹೋಗಬೇಕಾಗಿತ್ತು. ಜ್ವರದ ರೋಗಿಗಳು ಹೆಚ್ಚುವ ಮಳೆಗಾಲಕ್ಕೆ ಮುನ್ನವೇ ಜಿಲ್ಲೆಯ ಆಸ್ಪತ್ರೆಗಳು ರಾತ್ರಿ ಪಾಳಿಗೆ ಸಾಕಷ್ಟು ಶುಶ್ರೂಷಕರನ್ನು ನೇಮಿಸಿ, ಇಂತಹ ಕಚೇರಿ ಕೆಲಸಗಳನ್ನು ಬೇರೆ ಸಿಬ್ಬಂದಿಗೆ ವಹಿಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಸೋಮವಾರಪೇಟೆ