ಅರ್ಥ ಗೊತ್ತಿಲ್ಲದ ಹಾಡು, ಮತ್ತ ನಿಮ್ಮ ಗುಡಿ ಸ್ಪೀಕರ್

ದೋಸ್ತ,

ನಿನ್ನ ಉದ್ದನ್ನ ವಾಯ್ಸ್ ಮೆಸೇಜ್ ಮಡಗಾಂವ್ ಬಸ್ಸಿನ್ಯಾಗ ಕೂತು ಕೇಳಿದೆ, ಒಬ್ಬನ ನಕ್ಕೆ. ನಿಮ್ಮ ಗುಡಿ ಭಟ್ರು ಫೋನಿನ್ಯಾಗ ರುದ್ರ ಹಚ್ಚಿ, ಅದನ್ನ ಸ್ಪೀಕರಿಗೆ ಜೋಡಿಸಿ, ತಾವು ಸುಮ್ಮನ ಅಭಿಷೇಕ ಮಾಡ್ಕೋತ ನಿಂತಿರ್ತಾರ, ಅದಕ್ಕ ನಿನಗ ಸಿಟ್ಟು. ಆಮ್ಯಾಲ ನೀನ ಉಲ್ಟಾ ಹೊಡದಿ, ಹೆಂಗೂ ಯಾರಿಗೂ ಅರ್ಥ ಆಗಂಗಿಲ್ಲ ಅಂದಮ್ಯಾಲ ಮನಷ್ಯಾ ಅಂದ್ರೇನು ಮೊಬೈಲ್ ಅಂದ್ರೇನು ಅಂತ. ಪ್ರಶ್ನೆ ಛಲೋ ಅದ, ಆದ್ರ ನೀ ಅದನ್ನ ಅರ್ಥದ ಕಡೆಯಿಂದ ಹಿಡದೀದಿ ನೋಡು, ಅಲ್ಲೇ ಗಂಟು ಬಿದ್ದದ.

ಅರ್ಥ ಇಲ್ಲದ್ದು ಈಗಿನವ್ರ ಆಲಸ್ಯದಿಂದ ಬಂದದ್ದಲ್ಲೋ, ಹಳೇ ಮಂದಿ ಬೇಕಂತ ಇಟ್ಟಾರ. ಸಾಮವೇದದಾಗ ಋಗ್ವೇದದ ಋಕ್ಕನ್ನ ಎಳೆದು ಮುರಿದು ಹಾಡೋವಾಗ ನಡುನಡುವ ಹಾವು ಹಾವು, ಔಹೋವಾ ಅಂತ ಸೇರಿಸ್ತಾರ, ಸ್ತೋಭ ಅಂತಾರ ಅದಕ್ಕ, ಯಾವ ಡಿಕ್ಷನರಿ ತಗದ್ರೂ ಅರ್ಥ ಸಿಗಂಗಿಲ್ಲ. 1975ರಾಗ ಕೇರಳದ ಪಾಂಜಾಳದಾಗ ನಂಬೂದಿರಿ ಬ್ರಾಹ್ಮಣರು ಹಕ್ಕಿ ಆಕಾರದ ಇಟ್ಟಂಗಿ ವೇದಿ ಕಟ್ಟಿ 12 ದಿನದ ಅಗ್ನಿಚಯನ ಅನ್ನೋ ಯಜ್ಞ ಮಾಡಿದ್ರಲ್ಲ, ಅದನ್ನ ಫ್ರಿಟ್ಸ್ ಸ್ಟಾಲ್ ಅನ್ನೋ ಡಚ್ ಪಂಡಿತ ಫಿಲ್ಮ್ ಮಾಡಿಸಿದ, ಆಮ್ಯಾಲ ಅಂವ ಬರದದ್ದು ಏನಪಾ ಅಂದ್ರ ಈ ಕ್ರಿಯಾಕ್ಕ ಅರ್ಥನ ಇಲ್ಲ, ಇರೋದೆಲ್ಲಾ ನಿಯಮ, ಮಂತ್ರ ಅನ್ನೋದು ಮಾತಿಗಿಂತ ಹಕ್ಕಿ ಕೂಗಿಗೆ ಹತ್ರ ಅಂತ. ನನಗ ಅಂವ ಸ್ವಲ್ಪ ಅತೀ ಮಾಡಿದ ಅನಸ್ತದ, ಯಜ್ಞ ಮಾಡಿಸೋ ಯಜಮಾನನ್ನ ಕೇಳಿದ್ರ ಅಂವ ಇದನ್ನ ಒಪ್ಪತಿದ್ದಿಲ್ಲ. ಆದ್ರೂ ನಿನ್ನ ಪ್ರಶ್ನೆಗೆ ಸ್ಟಾಲ್ ಅರ್ಧ ಉತ್ತರ ಕೊಟ್ಟಾನ.

ಹಂಗಾದ್ರ ಮೊಬೈಲ್ ಸಾಕಲ್ಲಾ ಅಂತೀ. ಸಾಲಂಗಿಲ್ಲ. ಸಿರಿಯಾದ ಉಗರಿತ್ ಅನ್ನೋ ಹಳೇ ಪಟ್ಟಣದಾಗ ಒಂದು ಮಣ್ಣಿನ ಹಲಗಿ ಸಿಕ್ಕದ, ಕ್ರಿ.ಪೂ. 1400ರ ಸುಮಾರಿಂದು, ಚಂದ್ರದೇವರ ಹೆಂಡ್ತಿ ನಿಕ್ಕಲ್ ಅನ್ನೋ ದೇವಿಗೆ ಹುರ್ರಿಯನ್ ಅನ್ನೋ ಹಳೇ ಭಾಷಾದಾಗ ಹಾಡು, ಕೆಳಗ ಯಾವ ತಂತಿ ಜೋಡಿ ಅನ್ನೋದರ ಹೆಸರು, ಅಂಕಿ ಎಲ್ಲಾ ಕೆತ್ತ್ಯಾರ. ಆಗಿನ ಕಾಲದ ಪೆನ್‌ಡ್ರೈವ್ ಅನ್ನು. 1972ರಾಗ ಆನ್ ಕಿಲ್ಮರ್ ಅನ್ನೋ ವಿದುಷಿ ಹಿಂಗ ಇದ್ದಿರಬೇಕು ಅಂತ ಒಂದು ಧಾಟಿ ಕಟ್ಟಿಕೊಟ್ರು, ಬ್ಯಾರೆಯವ್ರು ಬ್ಯಾರೆ ಧಾಟಿ ಕಟ್ಟಿದ್ರು, ಒಂದಕ್ಕೊಂದು ಕೂಡಂಗನ ಇಲ್ಲ, ಯೂಟ್ಯೂಬಿನ್ಯಾಗ ಕೇಳು, ಎಲ್ಲಾ ಬ್ಯಾರೆ ಬ್ಯಾರೆ ಹಾಡು ಅನಸ್ತಾವ. ಕ್ರಿ.ಪೂ. 1200ರ ಸುಮಾರಿಗೆ ಊರು ಹಾಳಾತು, ಹಾಡವ್ರು ಹೋದ್ರು, ಹಲಗಿ ಉಳೀತು. ರೆಕಾರ್ಡ್ ಅದ, ಹಾಡು ಇಲ್ಲ.

ಈಗ ಗೋವಾದಾಗ ನಮ್ಮ ವಾಡ್ಯಾಗಿನ ಲದಾಯಿನ್ ಕೇಳು, ಕ್ರಿಶ್ಚಿಯನ್ನರು ಕೂಡಿ ಹಾಡೋ ಪ್ರಾರ್ಥನಾ ಅದು. ಮೇ ತಿಂಗಳು ಬಂತಂದ್ರ ಇಲ್ಲೆ ದಾರಿ ಬಾಜೂ ಇರೋ ಖುರಿಸಿಗೆಲ್ಲಾ, ಅಂದ್ರ ಶಿಲುಬಿಗೆಲ್ಲಾ, ಸುಣ್ಣ ಹಚ್ಚಿ, ಅಬ್ಬಲಿಗಿ ಮಾಲಿ ಹಾಕಿ, ಸಂಜೀಕ ಮಂದಿ ಕೂಡ್ತಾರ, ಫಾದರ್ ಬರಬೇಕಂತೇನಿಲ್ಲ, ವಯೊಲಿನ್ ಹಿಡಕೊಂಡ ಒಬ್ಬ ಅಜ್ಜ ಇದ್ರ ಮುಗೀತು. ಹಾಡೋದು ಲ್ಯಾಟಿನ್ ಒಳಗ! ಅದೂ ಶುರು ಆಗೋದು ಕಿರಿಯೆ ಎಲೆಯಿಸೋನ್ ಅಂತ, ಅದು ಗ್ರೀಕ್. ಚರ್ಚಿನ್ಯಾಗ 1962-65ರ ವ್ಯಾಟಿಕನ್ ಸಭಾ ಆದಮ್ಯಾಲ ಪೂಜಾ ಕೊಂಕಣಿಗೆ ಬಂತು, ಖುರಿಸಿನ ಮುಂದ ಮಾತ್ರ ಲ್ಯಾಟಿನ್ ಬಿಟ್ಟಿಲ್ಲ. ನಮ್ಮ ನಾಮಾವಳಿ ಇದ್ದಂಗನ, ಮೇರಿಯಮ್ಮನ ಒಂದೊಂದು ಹೆಸರು ಮುಂದಿನವ್ರು ಅಂತಾರ, ಹಿಂದಿನವ್ರು ಓರಾ ಪ್ರೋ ನೋಬಿಸ್ ಅಂತಾರ, ಹೆಂಗಸ್ರದ್ದು ಮ್ಯಾಲಿನ ಧ್ವನಿ, ಗಂಡಸ್ರು ಅದರ ಕೆಳಗ ಇನ್ನೊಂದು ಎಳೀ ಹಿಡೀತಾರ, ಕೇಳಾಕ ಭಾಳ ಚಂದ. ಓರಾ ಪ್ರೋ ನೋಬಿಸ್ ಓರಾ ಪ್ರೋ ನೋಬಿಸ್ ಅಂತ ಹೋಗಿ ಹೋಗಿ ಕಡೀಕ ಆಗ್ನುಸ್ ದೇಯಿ ಅನ್ನೋ ಸಾಲು ಬರತದ, ಅಲ್ಲಿ ಉತ್ತರ ಬದಲಿ, ಪಾರ್ಚೆ ನೋಬಿಸ್ ಅನಬೇಕು. ಹೋದ ಸಲ ಒಬ್ಬ ಹುಡುಗ ಕಡಲಿ ಬೋಗಾಣಿ ಕಡೆ ಲಕ್ಷ್ಯ ಇಟ್ಕೊಂಡು ಮತ್ತ ಓರಾ ಪ್ರೋ ಅಂತ ಜೋರಾಗಿ ಅಂದ, ಬಾಜೂ ಇದ್ದ ಆಂಟಿ ಹಾಡು ನಿಲ್ಲಸದನ ಮೊಣಕೈಲೆ ತಿವಿದ್ಲು. ಮುಗಿದಮ್ಯಾಲ ಕುದಿಸಿದ ಕಡಲಿ ಎಲ್ಲಾರಿಗೂ, ಫೆನಿ ದೊಡ್ಡವ್ರಿಗೆ. ಲ್ಯಾಟಿನ್ ಯಾರಿಗೂ ಬರಂಗಿಲ್ಲ, ಆದ್ರ ತಪ್ಪಿದ್ದು ಎಲ್ಲಾರಿಗೂ ತಿಳೀತದ. ನಾ ಹೇಳೋದು ಇಷ್ಟ. ಆ ಆಂಟಿ ಮೊಣಕೈ ಮೊಬೈಲಿಗೆ ಇಲ್ಲ.

ವೇದ ಹೇಳೋ ಘನಪಾಠ ಅನ್ನೋ ಪದ್ಧತಿಯಾಗೂ ಮೊಣಕೈ ಅದ, ಒಳಗ ಕೂಡಿಸಿ ಇಟ್ಟಾರ ಅಷ್ಟ. ಪದಗಳನ್ನ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತ ಒಂದು-ಎರಡು-ಮೂರು ಹಿಂಗ ಹಿಂದ ಮುಂದ ತಿರುವಿ ಅಂತಾರ, ಒಂದು ಪದ ಜಾರಿದ್ರ ಲೆಕ್ಕ ತಪ್ಪಿ ಅಲ್ಲೇ ಸಿಕ್ಕಬೀಳ್ತಾರ. ಪಾರಸಿಗಳ ಧರ್ಮಗ್ರಂಥ ಅವೆಸ್ತಾನೂ ಹಂಗ, ಅವರ ಪ್ರವಾದಿ ಜರತುಷ್ಟ್ರನ 17 ಗಾಥಾ 72 ಅಧ್ಯಾಯದ ಯಸ್ನ ಅನ್ನೋ ಪೂಜಾಪಾಠದ ನಡುವ ಕೂತು, ಸಾವಿರ ವರ್ಷಕ್ಕಿಂತ ಹೆಚ್ಚು ಬರೇ ಬಾಯಿಲೆ ಬಂದಾವ, ಅದಕ್ಕಂತ ಲಿಪಿ ಹುಟ್ಟಿದ್ದು ಇರಾನಿನ ಸಸಾನಿ ರಾಜರ ಕಾಲಕ್ಕ. ಪಂಡಿತರು ಅರ್ಥಕ್ಕ ಇನ್ನೂ ಬಡದಾಡ್ತಾರ, ಮುಂಬೈ ಅಗ್ಯಾರಿಗಳಾಗ, ಅಂದ್ರ ಪಾರಸಿ ಗುಡಿಗಳಾಗ, ದಸ್ತೂರರು ಅನ್ನೋ ಪೂಜಾರಿಗಳು ಅದನ್ನ ಹೇಳ್ಕೋತನ ಇದ್ದಾರ.

ಹಂಗಂತ ಇದನ್ನೆಲ್ಲಾ ತಲೀ ಮ್ಯಾಲ ಹೊತ್ತು ಕುಣಿಯೋದು ಬ್ಯಾಡ. ವೇದ ಹಿಂಗ ಉಳಿದದ್ದು ಮಂದಿನ್ನ ಹೊರಗ ಇಟ್ಟ, ಅರ್ಧಕ್ಕರ್ಧ ಹೆಂಗಸ್ರು, ಉಳಿದವ್ರೊಳಗ ಮುಕ್ಕಾಲು ಜಾತಿ ಕಿವಿಗೆ ಬೀಳಬಾರದು ಅಂತ. ಗೋವಾದವ್ರೂ ಏನು ಸಾಚಾ ಅಲ್ಲ, ಇಲ್ಲಿ ಚರ್ಚಿನ ಕೊನ್‌ಫ್ರಾರಿಯಾ ಅಂತ ಸಂಘ ಇರ್ತಾವಲ್ಲ, ಅವೂ ಜಾತಿ ನೋಡಿನ ಕೂಡಿದ್ವು.

ಅದಕ್ಕ ಭಟ್ರ ಜೋಡಿ ಜಗಳಾ ತಗೀಬ್ಯಾಡ. ಒಬ್ಬಾಂವನ ಅಭಿಷೇಕ ಮಾಡಿ, ರುದ್ರ ಅಂದು, ತೀರ್ಥ ಕೊಟ್ಟು, ಚಪ್ಪಲಿ ಕಡೆನೂ ನೋಡಬೇಕು ಅಂದ್ರ ಫೋನ್ ಹಚ್ಚದ ಏನ್ ಮಾಡ್ತಾನ? ಮ್ಯಾಲ ಪಗಾರ ಎಷ್ಟು ಕೊಡ್ತೀರಿ ಅನ್ನೋದು ಇಬ್ಬರಿಗೂ ಗೊತ್ತದ. ಅವ್ರ ಜೋಡಿ ಅನ್ನಾಕ ನಾಕ ಮಂದಿ ಕೂಡಸ್ರಿ, ತಪ್ಪಿದ್ರ ತಪ್ಪಲಿ. ಪುಣೆದಾಗ ಜ್ಞಾನ ಪ್ರಬೋಧಿನಿಯವ್ರು ಹೆಂಗಸ್ರಿಗೂ ಪೌರೋಹಿತ್ಯ ಕಲಿಸ್ತಾರ, ಏನೂ ಆಕಾಶ ಕಳಚಿ ಬಿದ್ದಿಲ್ಲ. ನಿಮ್ಮ ವೈನಿ ದನಿ ಎಷ್ಟು ಛಲೋ ಅದ, ಅವ್ರನ್ನ ಮುಂದ ಕೂಡಸ್ತೀವಿ ಅಂದ್ರ ನಿಮ್ಮ ಕಮಿಟಿ ಹಿರ್‍ಯಾರು ಏನಂತಾರ, ಕೇಳಿ ಹೇಳು.

ಮೇದಾಗ ಬರೂದಿದ್ರ ಈಗಲೇ ತಿಳಿಸು, ಆ ಟೈಮಿಗೆ ವಾಸ್ಕೋ ಗಾಡಿಗೆ ಟಿಕೆಟ್ ಸಿಗಂಗಿಲ್ಲ.

ನಿನ್ನ ಗೋವಾದ ದೋಸ್ತ