ಮಗುವಿನ ತಲೆಗೂ ಒಮ್ಮೆ ಟೇಪ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮಕ್ಕಳ ತೂಕ, ಎತ್ತರದ ಬಗ್ಗೆ ಆಗಾಗ ಬರುತ್ತದೆ. ತಲೆಯ ಸುತ್ತಳತೆ ಬಗ್ಗೆ ನಾನು ಓದಿದ ನೆನಪಿಲ್ಲ. ಅದಕ್ಕೇ ಈ ಪತ್ರ.

ನನ್ನ ಮಗನಿಗೆ ಏಳು ತಿಂಗಳಿದ್ದಾಗ ಬೆಳಗ್ಗೆ ಎದ್ದ ಕೂಡಲೇ ವಾಂತಿ ಶುರುವಾಯಿತು. ಹಾಲು ಅರಗುತ್ತಿಲ್ಲ ಅಂದರು. ಹಲ್ಲು ಬರುತ್ತಿದೆ, ಅದಕ್ಕೇ ರಚ್ಚೆ ಅಂದರು. ನಾವೂ ನಂಬಿದೆವು. ಆದರೆ ತಿಂಗಳ ಹಿಂದೆ ಸಡಿಲವಾಗಿದ್ದ ಟೋಪಿ ಈಗ ಹಣೆಯ ಮೇಲೆ ಕೆಂಪು ಗೆರೆ ಬಿಡುತ್ತಿತ್ತು. ನೆತ್ತಿಯ ಮೆತ್ತನೆ ಜಾಗ, ಅಳದೆ ಸುಮ್ಮನೆ ಕೂತಿದ್ದಾಗಲೂ ಉಬ್ಬಿಕೊಂಡೇ ಇರುತ್ತಿತ್ತು. ಕಣ್ಣುಗುಡ್ಡೆ ಕೆಳಕ್ಕೆ ಜಾರಿ, ಮೇಲೆ ಬಿಳಿ ಕಾಣುತ್ತಿತ್ತು. ಕೊನೆಗೆ ಬೇರೊಬ್ಬ ಡಾಕ್ಟರ್ ಟೇಪ್ ತೆಗೆದು ತಲೆಗೆ ಸುತ್ತಿದರು. 48 ಸೆಂ.ಮೀ. ಆ ವಯಸ್ಸಿಗೆ 44ರ ಆಸುಪಾಸು ಇರಬೇಕಿತ್ತು. ಅವರು ಲಸಿಕೆ ಕಾರ್ಡ್ ತಿರುಗಿಸಿ ನೋಡಿದರು. ತೂಕದ ಸಾಲು ಪೂರ್ತಿ ತುಂಬಿತ್ತು. ತಲೆ ಅಳತೆಯ ಸಾಲಿನಲ್ಲಿ ಹುಟ್ಟಿದ ದಿನ ಬರೆದ 35 ಒಂದೇ ಇತ್ತು.

ಎಂಆರ್‌ಐಯಲ್ಲಿ ಹೂಕೋಸಿನಂಥ ಗಡ್ಡೆ ಕಂಡಿತು. ಮಿದುಳಿನ ಒಳಗೆ ನೀರು ತುಂಬಿದ ಕೋಣೆಗಳಿವೆ. ಆ ನೀರನ್ನು ಒಸರುವ ರಕ್ತನಾಳಗಳ ಗೊಂಚಲಿಗೆ ಕೋರಾಯ್ಡ್ ಪ್ಲೆಕ್ಸಸ್ ಅನ್ನುತ್ತಾರೆ. ದೊಡ್ಡವರಲ್ಲಿ ಅದು ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಮಾಡುತ್ತದೆ. ಗಡ್ಡೆ ಅಲ್ಲೇ ಹುಟ್ಟಿದರೆ ನೀರು ಜಾಸ್ತಿಯಾಗುತ್ತದೆ, ಇಲ್ಲವೇ ಹರಿಯುವ ದಾರಿ ಕಟ್ಟಿಕೊಳ್ಳುತ್ತದೆ. ಎಳೆಮಗುವಿನ ತಲೆಬುರುಡೆ ಇನ್ನೂ ಬೆಸೆದುಕೊಂಡಿರುವುದಿಲ್ಲ. ಹಾಗಾಗಿ ತಲೆಯೇ ಹಿಗ್ಗುತ್ತಾ ಹೋಗುತ್ತದೆ. ತಲೆ ನೋಯುತ್ತಿದೆ ಅಂತ ಮಗು ಹೇಳಲಾರದು. ಹೇಳುವುದು ಆ ಟೇಪ್ ಮಾತ್ರ.

ಇದು ಬಹಳ ಅಪರೂಪದ ಗಡ್ಡೆ, ನಿಜ. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಮಿದುಳಿನ ಗಡ್ಡೆಗಳಲ್ಲಿ ನೂರಕ್ಕೆ ಒಂದೂ ಇಲ್ಲ. ಆದರೆ ವರ್ಷ ತುಂಬದ ಮಕ್ಕಳ ಮಿದುಳಿನ ಗಡ್ಡೆಗಳನ್ನಷ್ಟೇ ಎಣಿಸಿದರೆ ನೂರಕ್ಕೆ 10ರಿಂದ 20 ಇದೇ. ‘ಅಪರೂಪ’ ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನೋಡಬೇಕಾದವರೂ ಆ ಮಾತನ್ನೇ ನೆಚ್ಚಿಕೊಂಡು ನೋಡದೆ ಬಿಡುತ್ತಾರೆ.

ಚಿಕಿತ್ಸೆ ಅಂದರೆ ಮೊದಲು ಆಪರೇಷನ್ನೇ. ಗಡ್ಡೆ ತುಂಬಾ ರಕ್ತನಾಳ. ಸರ್ಜನ್ ಮೇಜಿನ ಮೇಲಿದ್ದ ಅರ್ಧ ಲೀಟರಿನ ನೀರಿನ ಬಾಟಲಿ ತೋರಿಸಿ, ‘ನಿಮ್ಮ ಮಗುವಿನ ಮೈಯಲ್ಲಿರೋ ರಕ್ತ ಇದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ ಅಮ್ಮಾ’ ಅಂದರು. ಆ ಬಾಟಲಿ ಇನ್ನೂ ನನ್ನ ಕಣ್ಣ ಮುಂದಿದೆ. ಮೊದಲು ಗಡ್ಡೆಗೆ ರಕ್ತ ಕೊಡುವ ನಾಳ ಮುಚ್ಚಿ, ಆಮೇಲೆ ಇಡೀ ಗಡ್ಡೆ ತೆಗೆದರು. ಮಕ್ಕಳ ಮಿದುಳಿನ ಆಪರೇಷನ್ ಮಾಡಿ ಕೈ ಪಳಗಿದವರೇ ಇದನ್ನು ಮಾಡಬೇಕು.

ಈ ಗಡ್ಡೆಯಲ್ಲಿ ಮೂರು ದರ್ಜೆ. ನಮ್ಮದು ಮೊದಲ ದರ್ಜೆಯ ಪ್ಯಾಪಿಲೋಮಾ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಪೂರ್ತಿ ತೆಗೆದರೆ ಹೆಚ್ಚಿನ ಮಕ್ಕಳಿಗೆ ಬೇರೆ ಚಿಕಿತ್ಸೆ ಬೇಡ. ಎರಡನೇ ದರ್ಜೆಯದು ಮತ್ತೆ ಬರುವ ಭಯ ಜಾಸ್ತಿ. ಮೂರನೆಯದು ಕಾರ್ಸಿನೋಮಾ, ಅಂದರೆ ಕ್ಯಾನ್ಸರ್. ಅದಕ್ಕೆ ಕಿಮೋ ಬೇಕು. ಮಿದುಳಿನ ನೀರಿನ ಜೊತೆ ಗಡ್ಡೆಯ ಕಣಗಳು ಕೆಳಗಿಳಿಯಬಹುದು, ಹಾಗಾಗಿ ಬೆನ್ನುಹುರಿಯ ಸ್ಕ್ಯಾನೂ ಬೇಕು.

ಕಾರ್ಸಿನೋಮಾ ಅಂತ ಬಂದವರಿಗೆ ಎರಡು ಮಾತು ಹೇಳಲೇಬೇಕು. ಬಯಾಪ್ಸಿಯ, ಅಂದರೆ ಪರೀಕ್ಷೆಗೆ ತೆಗೆದ ಗಡ್ಡೆಯ ಚೂರಿನ, ಸ್ಲೈಡನ್ನು ಮಕ್ಕಳ ಮಿದುಳಿನ ಗಡ್ಡೆಗಳನ್ನು ಬಲ್ಲ ಇನ್ನೊಬ್ಬ ಪೆಥಾಲಜಿಸ್ಟ್‌ಗೂ ತೋರಿಸಿ. ಎಟಿಆರ್‌ಟಿ ಅನ್ನುವ ಇನ್ನೊಂದು ಗಡ್ಡೆ ಕೆಲವೊಮ್ಮೆ ಹೀಗೇ ಕಾಣುತ್ತದೆ, ಅದರ ಚಿಕಿತ್ಸೆಯೇ ಬೇರೆ. ಎರಡನೆಯದು, ಟಿಪಿ53 ಜೀನ್ ಪರೀಕ್ಷೆ. ಈ ಜೀನ್ ಕೆಟ್ಟಾಗ ಬರುವ, ಕುಟುಂಬದಲ್ಲಿ ಹರಿದು ಬರುವ ಲಿ-ಫ್ರಾಮೆನಿ ಎಂಬ ದೋಷ ಈ ಕ್ಯಾನ್ಸರಿನ ಹಿಂದೆ ಎಷ್ಟೋ ಸಲ ಇರುತ್ತದೆ. ಆ ದೋಷವಿರುವ ಮಕ್ಕಳಿಗೆ ರೇಡಿಯೇಷನ್ ಕೊಟ್ಟರೆ ಮುಂದೆ ಬೇರೆ ಕ್ಯಾನ್ಸರ್ ಬರುವ ಅಪಾಯ ಜಾಸ್ತಿ. ಹಾಗಾಗಿ ರೇಡಿಯೇಷನ್ ನಿರ್ಧಾರಕ್ಕೆ ಮೊದಲೇ ಈ ಪರೀಕ್ಷೆ ಆಗಬೇಕು.

ತಲೆ ದೊಡ್ಡದಿದ್ದ ಮಾತ್ರಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪನ ತಲೆಯೂ ಹಾಗೇ ಇರುತ್ತದೆ. ನೋಡಬೇಕಾದದ್ದು ಬೆಳೆಯುವ ವೇಗ. ಒಂದೇ ಸಲ ಅಳೆದರೆ ಅದು ತಿಳಿಯುವುದಿಲ್ಲ, ಅಲ್ವಾ?

ನನ್ನ ಮಗನಿಗೆ ಈಗ ಐದು ವರ್ಷ. ಎಡಗೈ ಸ್ವಲ್ಪ ನಿಧಾನ, ಗುಂಡಿ ಹಾಕಿಕೊಳ್ಳುವುದಕ್ಕೆ ನಾನು ಬೇಕು. ಇನ್ನೂ ಎರಡು ತಿಂಗಳು ಮುಂಚೆ ಗೊತ್ತಾಗಿದ್ದರೆ ಅನ್ನುವ ಯೋಚನೆ ಅವನ ಅಂಗಿಯ ಗುಂಡಿ ಹಾಕುವಾಗಲೆಲ್ಲ ಬರುತ್ತದೆ.

ನಿಮ್ಮಲ್ಲಿ ಒಂದು ಕೋರಿಕೆ. ಆರೋಗ್ಯ ಪುಟದ ಮೂಲೆಯಲ್ಲಿ ಇಷ್ಟನ್ನು ಅಚ್ಚು ಹಾಕಿ: ಮಗುವಿನ ತಲೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ., ಮುಂದಿನ ಮೂರು ತಿಂಗಳು ತಿಂಗಳಿಗೆ 1 ಸೆಂ.ಮೀ., ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂ.ಮೀ.ನಷ್ಟು ಬೆಳೆಯುತ್ತದೆ. ಇದಕ್ಕಿಂತ ಬೇಗ ಬೆಳೆಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಲಸಿಕೆಗೆ ಹೋದಾಗಲೆಲ್ಲ ಅಳೆಯಲು ಹೇಳಿ, ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಇಂತಿ,
ಒಬ್ಬ ತಾಯಿ