ಆರ್‌ಇಎಂನ ನಾಲ್ವರಿಗೆ, ಮತ್ತು ನಮ್ಮ ಮನೆಗೆ ಬಂದು ಕೂತವರಿಗೆ

ಅಪ್ಪನ ವರ್ಷದ ಕಾರ್ಯ ಮುಗಿಯಿತು. ನೆಂಟರೆಲ್ಲ ಅವರವರ ಊರಿಗೆ ಹೋದರು. ಇನ್ನು ಥ್ಯಾಂಕ್ಸ್ ಹೇಳುವ ಕೆಲಸ ಉಳಿದಿದೆ. ಹೇಳಬೇಕಾದವರು ತುಂಬಾ ಜನ ಇದ್ದಾರೆ. ಅವರಲ್ಲಿ ನಾಲ್ವರು ನಮ್ಮ ತೀರ್ಥಹಳ್ಳಿಯ ಹೆಸರನ್ನೂ ಕೇಳಿರಲಿಕ್ಕಿಲ್ಲ. ಆದರೂ ಅವರಿಂದಲೇ ಶುರು ಮಾಡುತ್ತೇನೆ.

ಬಿಲ್ ಬೆರಿ, ಪೀಟರ್ ಬಕ್, ಮೈಕ್ ಮಿಲ್ಸ್, ಮೈಕಲ್ ಸ್ಟೈಪ್. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ 1980ರಲ್ಲಿ ಆರ್‌ಇಎಂ ಬ್ಯಾಂಡ್ ಕಟ್ಟಿದವರು. ಇವರ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’ ಆಲ್ಬಂ ಬಂದಿದ್ದು 1992ರ ಅಕ್ಟೋಬರ್‌ನಲ್ಲಿ. ಆಲ್ಟರ್ನೇಟಿವ್ ರಾಕ್ ಕೇಳುವವರಿಗೆ ಹೊಸದಾಗಿ ಪರಿಚಯಿಸಬೇಕಾದ ಆಲ್ಬಂ ಅಲ್ಲ. 2024ರ ಮಳೆಗಾಲ ಅಪ್ಪನಿಗೆ ಕೊನೆಯದಾಯಿತು. ಆ ಮಳೆಗಾಲದ ರಾತ್ರಿಗಳನ್ನು ನಾನು ಈ ಹನ್ನೆರಡು ಹಾಡುಗಳ ಜೊತೆ ಕಳೆದೆ.

ಅಪ್ಪನಿಗೆ ಇದ್ದದ್ದು ಶ್ವಾಸಕೋಶದ ಫೈಬ್ರೋಸಿಸ್. ಶ್ವಾಸಕೋಶ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಳಾದ ಭಾಗ ಮತ್ತೆ ಸರಿಹೋಗುವುದಿಲ್ಲ. ಔಷಧಿಯಿಂದ ಅದರ ವೇಗ ಸ್ವಲ್ಪ ತಗ್ಗಿಸಬಹುದು, ಅಷ್ಟೇ. ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇಟ್ಟೆವು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ನೈಟ್ರೋಜನ್ ಬೇರೆ ಮಾಡಿ, ಆಕ್ಸಿಜನ್ ಕೊಡುತ್ತದೆ. ಕರೆಂಟ್ ಇದ್ದರೆ ಮಾತ್ರ. ಮಲೆನಾಡಿನ ಜುಲೈ ತಿಂಗಳಲ್ಲಿ ಕರೆಂಟ್ ನೆಚ್ಚಿಕೊಂಡು ಉಸಿರಾಡುವುದು ಅಂದರೆ ಏನು ಅಂತ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಪಕ್ಕದಲ್ಲೇ ಸಿಲಿಂಡರ್ ಇರುತ್ತಿತ್ತು. ರಾತ್ರಿ ಯಾರಾದರೂ ಒಬ್ಬರು ಎದ್ದಿರಲೇಬೇಕಿತ್ತು. ಹೆಚ್ಚಿನ ರಾತ್ರಿ ನಾನು ಎದ್ದಿರುತ್ತಿದ್ದೆ.

ಹಾಗೆ ಎದ್ದಿದ್ದಾಗ ಏನು ಕೇಳುವುದು? ಭಕ್ತಿಗೀತೆ ಅಪ್ಪ ಬೆಳಿಗ್ಗೆ ಕೇಳುತ್ತಿದ್ದರು. ರಾತ್ರಿಗೆ ಖುಷಿಯ ಹಾಡು ಬೇಡವೆನಿಸುತ್ತಿತ್ತು. ಅಳಿಸುವ ಹಾಡು ಅದಕ್ಕಿಂತ ಬೇಡ. ಆಗ ಈ ಆಲ್ಬಂ ನೆನಪಾಯಿತು. ಇಂಜಿನಿಯರಿಂಗ್ ಓದುವಾಗ ಅಣ್ಣ ಬೆಂಗಳೂರಿಂದ ಇದರ ಕ್ಯಾಸೆಟ್ ತಂದಿದ್ದ. ಬೂದು ಬಣ್ಣದ ಕವರ್, ಅದರ ಮೇಲೆ ಮುಳ್ಳುಮುಳ್ಳಾದ ಒಂದು ನಕ್ಷತ್ರ. ಅದು ಮಯಾಮಿಯ ಒಂದು ಮೋಟೆಲ್‌ನ ಬೋರ್ಡಿನ ಅಲಂಕಾರ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಆಗ ನನಗೆ ಇಷ್ಟವಾಗಿದ್ದು ‘ಮ್ಯಾನ್ ಆನ್ ದ ಮೂನ್’ ಒಂದೇ. ಉಳಿದವು ಬರೀ ನಿಧಾನ ಅನಿಸಿದ್ದವು. ಈ ಸಲ ನನ್ನನ್ನು ಹಿಡಿದಿಟ್ಟಿದ್ದು ಆ ನಿಧಾನವೇ.

ಆ ನಿಧಾನ ಅವರು ಬೇಕೆಂದು ಹೊರಟು ಮಾಡಿದ್ದಲ್ಲ. ಹಿಂದಿನ ವರ್ಷದ ಆಲ್ಬಂನಿಂದ ಅವರು ಜಗತ್ತಿಗೆಲ್ಲ ಗೊತ್ತಾಗಿದ್ದರು. ‘ಲೂಸಿಂಗ್ ಮೈ ರಿಲಿಜನ್’ನ ಆ ಮ್ಯಾಂಡೊಲಿನ್ ಎಂಟಿವಿ ನೋಡುತ್ತಿದ್ದವರಿಗೆಲ್ಲ ಬಾಯಿಪಾಠ. ಮುಂದಿನದು ಜೋರಾದ ರಾಕ್ ಆಲ್ಬಂ ಆಗಲಿ ಎಂದೇ ಅವರೂ ಅಂದುಕೊಂಡಿದ್ದರು. ಹಾಡುಗಾರ ಸ್ಟೈಪ್ ಇಲ್ಲದೆ ಉಳಿದ ಮೂವರು ಅಥೆನ್ಸ್‌ನಲ್ಲಿ ಸೇರಿ ಅಭ್ಯಾಸ ಶುರು ಮಾಡಿದರು. ತಮ್ಮ ತಮ್ಮ ವಾದ್ಯ ಪಕ್ಕಕ್ಕಿಟ್ಟು ಒಬ್ಬರದನ್ನು ಒಬ್ಬರು ನುಡಿಸಿದರು. ಗಿಟಾರಿನ ಬಕ್ ಮ್ಯಾಂಡೊಲಿನ್ ಹಿಡಿದರು, ಬೇಸ್ ಬಿಟ್ಟು ಮಿಲ್ಸ್ ಕೀಬೋರ್ಡಿಗೆ ಕೂತರು, ಡ್ರಮ್ಸ್‌ನ ಬೆರಿ ಬೇಸ್ ತೆಗೆದುಕೊಂಡರು. ಹೊರಬಂದಿದ್ದೆಲ್ಲ ಮೆಲ್ಲಗಿನ ರಾಗಗಳು. ಅದನ್ನು ಅವರು ತಡೆಯಲಿಲ್ಲ. ನನ್ನ ಮೊದಲ ಥ್ಯಾಂಕ್ಸ್ ಇದಕ್ಕೆ. ಎಲ್ಲರೂ ಮೂವತ್ತೆರಡರಿಂದ ಮೂವತ್ತೈದರ ಒಳಗಿನವರು. ಹೆಸರಿತ್ತು, ದುಡ್ಡಿತ್ತು. ಗದ್ದಲ ಮಾಡಿದ್ದರೆ ಇನ್ನೂ ಸುಲಭಕ್ಕೆ ಮಾರಾಟವಾಗುತ್ತಿತ್ತು. ಆ ವಯಸ್ಸಿನಲ್ಲಿ, ಆ ಗೆಲುವಿನಲ್ಲಿ, ಸಾಯುವವರ ಬಗ್ಗೆ ಮತ್ತು ಅವರ ಪಕ್ಕ ಕೂತವರ ಬಗ್ಗೆ ಇಷ್ಟು ತಾಳ್ಮೆಯಿಂದ ಯೋಚಿಸಿದರು.

ರೆಕಾರ್ಡಿಂಗ್‌ಗೆ ಊರೂರು ಸುತ್ತಿದರು. ನ್ಯೂ ಆರ್ಲಿಯನ್ಸ್, ನ್ಯೂಯಾರ್ಕ್ ರಾಜ್ಯದ ಬೇರ್ಸ್‌ವಿಲ್, ಮಯಾಮಿ, ಅಟ್ಲಾಂಟ. ಕೊನೆಗೆ ಮಿಕ್ಸಿಂಗ್ ಸಿಯಾಟಲ್‌ನಲ್ಲಿ. ಜೊತೆಗೆ ನಿರ್ಮಾಪಕ ಸ್ಕಾಟ್ ಲಿಟ್. ನಾಲ್ಕು ಹಾಡುಗಳ ತಂತಿವಾದ್ಯಗಳನ್ನು ಹೊಂದಿಸಿ ಬರೆದವರು ಲೆಡ್ ಜೆಪ್ಪೆಲಿನ್ ಎಂಬ ಬ್ರಿಟಿಷ್ ರಾಕ್ ಬ್ಯಾಂಡಿನ ಜಾನ್ ಪಾಲ್ ಜೋನ್ಸ್. ಅವರಿಗೂ ನನ್ನ ನಮಸ್ಕಾರ. ಅವರ ತಂತಿಗಳು ಎಲ್ಲೂ ಅಳು ಬರಿಸಲು ಹೊರಡುವುದಿಲ್ಲ. ‘ನೈಟ್‌ಸ್ವಿಮಿಂಗ್’ನಲ್ಲಿ ಇರುವುದು ಮಿಲ್ಸ್‌ರ ಪಿಯಾನೊ, ಸ್ಟೈಪ್‌ರ ದನಿ, ತಂತಿಗಳು, ಕೊನೆಯಲ್ಲಿ ಬರುವ ಓಬೋ ಎಂಬ ಒಂದು ಊದುವ ವಾದ್ಯ. ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ. ಒಂದು ರಾತ್ರಿ ಫೋನನ್ನು ಮೇಜಿನ ಮೇಲೆ ಇಟ್ಟು ಸಣ್ಣಗೆ ಇದನ್ನು ಹಾಕಿದ್ದೆ. ಅಪ್ಪನಿಗೆ ನಿದ್ದೆ ಬಂದಿದೆ ಅಂದುಕೊಂಡಿದ್ದೆ. ಬಂದಿರಲಿಲ್ಲ.

“ಇದ್ಯಾರೆ ಮಾರಾಯ್ತಿ, ಇಷ್ಟು ನಿಧಾನಕ್ಕೆ ಹಾಡ್ತಾನೆ?”

“ಅಮೆರಿಕದವ್ರು ಅಪ್ಪ. ನಿಲ್ಲಿಸ್ಲಾ?”

“ಬೇಡ ಬಿಡು. ಪಿಯಾನೊ ಚೆನ್ನಾಗಿದೆ.”

ಅವರಿಗೆ ಒಂದು ವಾಕ್ಯ ಆಡಿದ ಮೇಲೆ ಸುಧಾರಿಸಿಕೊಳ್ಳಲು ಹೊತ್ತು ಬೇಕಾಗುತ್ತಿದ್ದ ದಿನಗಳು ಅವು. ಆದರೂ ಇಷ್ಟು ಹೇಳಿದರು. ಆಮೇಲೆ ಎಷ್ಟೋ ರಾತ್ರಿ ಅವರೇ “ಆ ಪಿಯಾನೊದ್ದು ಹಾಕು” ಅನ್ನುತ್ತಿದ್ದರು. ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಯಾವುದನ್ನೂ ಸುಮ್ನೆ ಚೆನ್ನಾಗಿದೆ ಅನ್ನುವವರಲ್ಲ. ಮೈಕ್ ಮಿಲ್ಸ್ ಅವರೇ, ನಿಮಗೆ ಸಿಕ್ಕ ಹೊಗಳಿಕೆಗಳಲ್ಲಿ ಇದೂ ಒಂದಿರಲಿ.

ಒಂದು ಹಾಡನ್ನು ಮಾತ್ರ ನಾನು ಆಗ ಕೇಳಲಿಲ್ಲ. ‘ಟ್ರೈ ನಾಟ್ ಟು ಬ್ರೀದ್’. ಹೆಸರು ಬಂದ ಕೂಡಲೇ ಬೆರಳು ಮುಂದಿನ ಹಾಡಿಗೆ ಹೋಗುತ್ತಿತ್ತು. ಬದುಕಿದ್ದು ಸಾಕು ಎಂದು ತೀರ್ಮಾನಿಸಿದ ವಯಸ್ಸಾದ ಒಬ್ಬರು ಮನೆಯವರ ಜೊತೆ ಆಡುವ ಮಾತು ಅದು. ಆಗಸ್ಟ್‌ನಲ್ಲಿ ಅಪ್ಪ ಡಾಕ್ಟರಿಗೂ ನಮಗೂ ಒಟ್ಟಿಗೇ ಹೇಳಿದರು, ವೆಂಟಿಲೇಟರ್ ಬೇಡ, ಮನೆಯಲ್ಲೇ ಇರುತ್ತೇನೆ ಅಂತ. ಗಟ್ಟಿಯಾಗಿ ಹೇಳಿದರು. ಅದಾದ ಮೇಲೆ ಆ ಹಾಡು ಹಾಕಿಕೊಂಡೆ. ಅದರಲ್ಲಿರುವ ಮುದುಕ, ಅಥವಾ ಮುದುಕಿ, ದುಃಖದಲ್ಲಿಲ್ಲ. ತನ್ನನ್ನು ನೆನಪಿಟ್ಟುಕೊಳ್ಳಿ ಎಂಬುದಷ್ಟೇ ಅವರ ಆಸೆ. ಮೂವತ್ತೆರಡರ ಸ್ಟೈಪ್ ಇನ್ನೊಬ್ಬರ ಮುಪ್ಪಿನೊಳಗೆ ಹೊಕ್ಕು ಅದನ್ನು ಬರೆದಿದ್ದಾರೆ. ಅಪ್ಪನ ಮಾತನ್ನು ಒಪ್ಪಿಕೊಳ್ಳಲು ನನಗೆ ಆ ಹಾಡು ತುಂಬಾ ಸಹಾಯ ಮಾಡಿತು. ಇದನ್ನು ಎಲ್ಲರೆದುರು ಹೇಳಬೇಕು ಅಂತಲೇ ಈ ಬರಹ.

‘ಎವ್ರಿಬಡಿ ಹರ್ಟ್ಸ್’ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ಅದನ್ನು ಮುಖ್ಯವಾಗಿ ಕಟ್ಟಿದವರು ಡ್ರಮ್ಸ್ ನುಡಿಸುವ ಬೆರಿ ಅಂತ, ಮತ್ತು ಅದರ ತಾಳ ಹಿಡಿದಿರುವುದು ಒಂದು ಅಗ್ಗದ ಡ್ರಮ್ ಮೆಷಿನ್ ಅಂತ ಎಷ್ಟು ಜನಕ್ಕೆ ಗೊತ್ತು? ತನ್ನ ಹಾಡಿಗೆ ತಾನೇ ಹೆಚ್ಚು ಹೊತ್ತು ಡ್ರಮ್ಸ್ ನುಡಿಸಿಲ್ಲ. ಸ್ಟೈಪ್ ಬರೆಯುವ ಸಾಲುಗಳು ಸಾಮಾನ್ಯವಾಗಿ ಸುಲಭಕ್ಕೆ ಅರ್ಥವಾಗುವಂಥವಲ್ಲ. ಇಲ್ಲಿ ಮಾತ್ರ ಒಂದು ಮಗುವಿಗೂ ತಿಳಿಯುವ ಹಾಗಿವೆ. ಹದಿಹರೆಯದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದು, ಅದಕ್ಕೇ ಇಷ್ಟು ನೇರ ಅಂತ ಪೀಟರ್ ಬಕ್ ಹೇಳಿದ್ದಾರೆ. 1995ರಲ್ಲಿ, ಬದುಕು ಬೇಡವೆನಿಸಿದವರ ಮಾತು ಕೇಳುವ ಬ್ರಿಟನ್ನಿನ ಸಮಾರಿಟನ್ಸ್ ಸಹಾಯವಾಣಿ ತನ್ನ ಪ್ರಚಾರಕ್ಕೆ ಇದನ್ನು ಬಳಸಿತು. 2010ರಲ್ಲಿ ಹೈಟಿಯ ಭೂಕಂಪವಾದಾಗ ಹಲವು ಗಾಯಕರು ಸೇರಿ ಇದನ್ನೇ ಮತ್ತೆ ಹಾಡಿ ಹಣ ಎತ್ತಿದರು. ಆರ್‌ಇಎಂ ತನ್ನ ರಾಯಲ್ಟಿ ಬಿಟ್ಟುಕೊಟ್ಟಿತು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಈಗ ತೀರಾ ಕಷ್ಟವಾಗುತ್ತಿದ್ದರೆ ನಮ್ಮಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಿದ್ದೆಗೆಟ್ಟ ವಾರಗಳ ಕೊನೆಗೆ ನಾನೂ ಮಾತಾಡಿದ್ದೇನೆ. ಫೋನಿನ ಆ ಕಡೆ ತಾಳ್ಮೆಯಿಂದ ಕೇಳಿಸಿಕೊಂಡ ಆ ಹುಡುಗಿಗೂ ಥ್ಯಾಂಕ್ಸ್.

ಆಲ್ಬಂ ಬಂದಾಗ ಜನ ಅದನ್ನು ಅಪ್ಪಿಕೊಂಡರು. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಎರಡನೆಯದು. ಜಗತ್ತಿನಾದ್ಯಂತ ಒಂದು ಕೋಟಿಗೂ ಜಾಸ್ತಿ ಪ್ರತಿ ಹೋಗಿದೆ. ಇದಕ್ಕಾಗಿ ಅವರು ಒಂದು ಟೂರ್ ಕೂಡ ಮಾಡಲಿಲ್ಲ. ಹಾಡುಗಳಲ್ಲಿ ಅಷ್ಟು ಸಾವು ಇದ್ದಿದ್ದಕ್ಕೆ ಸ್ಟೈಪ್‌ಗೆ ದೊಡ್ಡ ಕಾಯಿಲೆ ಬಂದಿದೆ ಅಂತ ಗಾಳಿಸುದ್ದಿ ಹಬ್ಬಿತು. ಸುಳ್ಳು ಸುದ್ದಿ. ಸಾವಿನ ಬಗ್ಗೆ ಹಾಡಲು ತಾನೇ ಸಾಯುತ್ತಿರಬೇಕು ಅಂತ ಜನ ಯಾಕೆ ಅಂದುಕೊಳ್ಳುತ್ತಾರೋ. ಆಲ್ಬಂನ ಎಲ್ಲ ಹಾಡೂ ನನಗೆ ಒಂದೇ ಸಮ ಅಲ್ಲ. ‘ಇಗ್ನೋರ್‌ಲ್ಯಾಂಡ್’ನ ರಾಜಕೀಯದ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಬೇರೆ ಆಲ್ಬಂನಲ್ಲಿ ಇರಬೇಕಿತ್ತು. ಅಪ್ಪ ಅಮ್ಮನನ್ನು ಮಣ್ಣು ಮಾಡಲು ಹೊರಟ ಮಕ್ಕಳ ಮಾತಿನಿಂದ ಶುರುವಾಗುವ ‘ಸ್ವೀಟ್‌ನೆಸ್ ಫಾಲೋಸ್’ ಮುಂದೆ ಅದು ನಿಲ್ಲುವುದಿಲ್ಲ. ಆ ಹಾಡಿನ ಚೆಲ್ಲೋ ಕೇಳುವಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ.

ಆಲ್ಬಂನ ಕೊನೆಯ ಹಾಡು ‘ಫೈಂಡ್ ದ ರಿವರ್’. ಅದರ ಹಿಂದಿನ ದನಿಗಳನ್ನು ಮಿಲ್ಸ್ ಮತ್ತು ಬೆರಿ ಬೇರೆ ಬೇರೆಯಾಗಿ ಹಾಡಿದರಂತೆ, ಒಬ್ಬರದನ್ನು ಇನ್ನೊಬ್ಬರು ಕೇಳಿಸಿಕೊಳ್ಳದೆ. ಒಬ್ಬರದು ಭಾವ ಉಕ್ಕಿ ಬಂದದ್ದು, ಇನ್ನೊಬ್ಬರದು ತಣ್ಣಗಿನದು. ಎರಡೂ ಕೂಡಿಸಿದಾಗ ಸರಿಯಾಗಿ ಕೂತವು. ಇದನ್ನು ಓದಿದಾಗ ನನಗೆ ಅಣ್ಣ ನೆನಪಾದ. ನಾನು ಅಪ್ಪನ ಪಕ್ಕ ಕೂತು ಕೈ ಹಿಡಿದುಕೊಳ್ಳುವವಳು. ಅವನು ಒಳಗೆ ಬಂದು ಸಿಲಿಂಡರ್ ಮೀಟರ್ ನೋಡಿ, ಆಕ್ಸಿಜನ್ ಎಷ್ಟಿದೆ ಅಂತ ಬರೆದಿಟ್ಟು ಹೊರಗೆ ಹೋಗುವವನು. ಮಾತಿಲ್ಲ, ಕತೆಯಿಲ್ಲ. ಅವನ ಪ್ರೀತಿ ಆ ನೋಟ್‌ಬುಕ್ಕಿನಲ್ಲಿತ್ತು. ಇಬ್ಬರೂ ಬೇಕಿತ್ತು ಅಪ್ಪನಿಗೆ. ಅಣ್ಣಾ, ನಿನ್ನ ಮುಖಕ್ಕೆ ಹೇಳಿದರೆ ನೀನು ಎದ್ದು ಹೋಗುತ್ತೀಯ. ಅದಕ್ಕೆ ಇಲ್ಲಿ ಬರೆದೆ.

ಇನ್ನು ಉಳಿದವರಿಗೂ ಥ್ಯಾಂಕ್ಸ್. ಅತ್ತಿಗೆಗೆ, ಇಡೀ ಮಳೆಗಾಲ ಎರಡು ಒಲೆ ಹೊತ್ತಿಸಿ ಅಪ್ಪನಿಗೆ ಗಂಜಿ, ನಮಗೆ ಊಟ ಅಂತ ಬೇರೆ ಬೇರೆ ಮಾಡಿಕೊಟ್ಟಿದ್ದಕ್ಕೆ. ನಮ್ಮ ಭಾಗದ ಲೈನ್‌ಮ್ಯಾನ್‌ಗೆ. ಮನೆಯಲ್ಲಿ ಆಕ್ಸಿಜನ್ ಮೇಲೆ ಒಬ್ಬರಿದ್ದಾರೆ ಅಂತ ಗೊತ್ತಾದ ಮೇಲೆ, ಮರ ಬಿದ್ದ ರಾತ್ರಿಗಳಲ್ಲಿ ಟಾರ್ಚ್ ಹಿಡಿದು ಬಂದು ನಮ್ಮ ಲೈನ್ ಮೊದಲು ನೋಡುತ್ತಿದ್ದರು. ಶಿವಮೊಗ್ಗದಿಂದ ಸಿಲಿಂಡರ್ ತರುತ್ತಿದ್ದ ಹುಡುಗನಿಗೆ. ಘಾಟಿಯಂಥ ದಾರಿಯಲ್ಲೂ, ಎಂಥ ಮಳೆಯಲ್ಲೂ “ಬರ್ತೀನಿ ಅಕ್ಕ, ಗಾಬರಿ ಆಗ್ಬೇಡಿ” ಅಂದು ಬಂದೇ ಬರುತ್ತಿದ್ದ. ಸಂಜೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದ ಪಕ್ಕದ ಮನೆ ಶೆಟ್ಟರಿಗೆ. ಬೇರೆಯವರೆಲ್ಲ ಯಾವ ಆಸ್ಪತ್ರೆ, ಯಾವ ಕಷಾಯ ಅಂತ ಹೇಳಲು ಬರುತ್ತಿದ್ದರು. ಒಳ್ಳೆಯ ಮನಸ್ಸಿಂದಲೇ. ಶೆಟ್ಟರು ಮಾತ್ರ ಅಡಿಕೆ ರೇಟು, ಮಳೆ, ಪೇಪರ್ ಸುದ್ದಿ ಇಷ್ಟೇ ಮಾತಾಡುತ್ತಿದ್ದರು. ಅಪ್ಪನನ್ನು ರೋಗಿ ಅಂತ ನೋಡದೆ ಮೇಷ್ಟ್ರು ಅಂತಲೇ ನೋಡಿದವರು.

ಆ ಮಳೆಗಾಲದ ಜೂನ್‌ನಲ್ಲೇ ಇನ್ನೊಂದು ನಡೆಯಿತು. ಆರ್‌ಇಎಂ 2011ರಲ್ಲೇ ಬ್ಯಾಂಡ್ ಮುಗಿಸಿತ್ತು. ಬೆರಿ ಅದಕ್ಕೂ ಮುಂಚೆ, 1997ರಲ್ಲೇ ಬಿಟ್ಟಿದ್ದರು. 1995ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ವೇದಿಕೆಯ ಮೇಲೆ ಅವರಿಗೆ ಮೆದುಳಿನ ರಕ್ತನಾಳದ ತೊಂದರೆಯಾಗಿ, ಬದುಕಿ ಬಂದಿದ್ದರು. 2024ರ ಜೂನ್ 13ರಂದು ನ್ಯೂಯಾರ್ಕಿನಲ್ಲಿ, ಹಾಡು ಬರೆದವರನ್ನು ಗೌರವಿಸುವ ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ನಾಲ್ವರೂ ಒಟ್ಟಿಗೆ ನಿಂತು ‘ಲೂಸಿಂಗ್ ಮೈ ರಿಲಿಜನ್’ ನುಡಿಸಿದರು. ಅಣ್ಣ ವಿಡಿಯೊ ಕಳಿಸಿದ. ಅವನು ಪಕ್ಕದ ಕೋಣೆಯಲ್ಲೇ ಇದ್ದ. ತಲೆ ಬೆಳ್ಳಗಾದ ನಾಲ್ವರು ಒಬ್ಬರನ್ನೊಬ್ಬರು ನೋಡಿ ನಗುತ್ತಾ ನುಡಿಸುವುದನ್ನು ನಾನು ಅಪ್ಪನಿಗೂ ತೋರಿಸಿದೆ. “ಪಿಯಾನೊದವನು ಯಾರು?” ಅಂದರು. ತೋರಿಸಿದೆ. ತಲೆ ಆಡಿಸಿದರು.

ನಾಲ್ವರೂ ಚೆನ್ನಾಗಿರಿ. ನೀವು ಮಾಡಿದ್ದು ನಮಗೆ ಬೇಕಾದ ಹೊತ್ತಿಗೆ ಸಿಕ್ಕಿತು.

ಇನ್ನೊಂದು ವಿಷಯ. ಅಪ್ಪನ ಆಕ್ಸಿಜನ್ ಮೆಷಿನ್ ಸರ್ವಿಸ್ ಮಾಡಿಸಿ ಇಟ್ಟಿದ್ದೇವೆ. ಒಂದು ಮನೆಗೆ ಹೋಗಿ ಬಂದಿದೆ, ಈಗ ಖಾಲಿ ಇದೆ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಯಾರಿಗಾದರೂ ಡಾಕ್ಟರ್ ಬರೆದುಕೊಟ್ಟಿದ್ದರೆ ನನಗೆ ಅಥವಾ ಅಣ್ಣನಿಗೆ ಒಂದು ಮಾತು ಹೇಳಿ. ಬಾಡಿಗೆ ಏನೂ ಬೇಡ. ಅಣ್ಣನೇ ತಂದು ಜೋಡಿಸಿ ಕೊಡುತ್ತಾನೆ, ಕರೆಂಟ್ ಹೋದಾಗ ಏನು ಮಾಡಬೇಕು ಅಂತಲೂ ಹೇಳಿಕೊಡುತ್ತಾನೆ.